ರೂಪಾಯಿಗೆ ಗುಣಿಸದ ಒಂದು ಸಂಜೆ

ಗಲ್ಫಿಗೆ ಬಂದವರಿಗೆ ಅರಬ್ಬಿ ಬರುವ ಮೊದಲೇ ಗುಣಾಕಾರ ಬಂದಿರುತ್ತದೆ. ಒಂದು ಚಹಾ, ಒಂದು ಟ್ಯಾಕ್ಸಿ, ಒಂದು ಜೊತೆ ಶೂ, ಯಾವುದರ ಬೆಲೆ ಕೇಳಿದರೂ ಅದು ಮನಸ್ಸಿನಲ್ಲಿ ರೂಪಾಯಿಯಾಗುತ್ತದೆ, ಜೇಬಿಗೆ ಹೋದ ಕೈ ಹಿಂದೆ ಬರುತ್ತದೆ. ಈ ಲೆಕ್ಕದಿಂದಲೇ ನಮ್ಮ ಊರುಗಳಲ್ಲಿ ಮನೆಗಳು ಎದ್ದಿವೆ, ತಂಗಿಯರ ಮದುವೆಗಳು ಆಗಿವೆ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೂ ಒಂದು ಸಂಜೆಯ ಮಟ್ಟಿಗೆ ಈ ಗುಣಾಕಾರ ನಿಲ್ಲಿಸುವುದು ತಪ್ಪಲ್ಲ ಎಂದು ವಾದಿಸಲು ಈ ಬರಹ.

ನನ್ನ ಊರು ಭದ್ರಾವತಿ. ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳುತ್ತಾ ಬೆಳೆದವನಿಗೆ ಹೆವಿ ಮೆಟಲ್ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಸ್ನೇಹಿತರು ನಗುತ್ತಾರೆ. ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬನ ಬಳಿ ಮೆಟಾಲಿಕಾ ತಂಡದ ಕ್ಯಾಸೆಟ್ ಇತ್ತು. 1986ರಲ್ಲಿ ಬಂದ 'ಮಾಸ್ಟರ್ ಆಫ್ ಪಪೆಟ್ಸ್'. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರಸ್ತೆಯಲ್ಲಿ ಅವರ ಬಸ್ ಮಗುಚಿ, ಬಾಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡ. ಅವನಿಗಾಗ ಬರೀ 24 ವರ್ಷ. ಉಳಿದವರು ಬೇರೊಬ್ಬನನ್ನು ಸೇರಿಸಿಕೊಂಡು ಮುಂದೆ ನಡೆದರು. ಈ ಕಥೆ ಕೇಳಿದ ಮೇಲೆ ಆ ಗದ್ದಲದೊಳಗಿನ ದುಃಖವೂ ನನಗೆ ಕೇಳಿಸತೊಡಗಿತು. ಅಪ್ಪನಿಗೆ ಮಾತ್ರ ಗದ್ದಲವಷ್ಟೇ ಕೇಳುತ್ತಿತ್ತು. "ಇದಕ್ಕಿಂತ ನಮ್ಮ ರೋಲಿಂಗ್ ಮಿಲ್ಲೇ ವಾಸಿ ಕಣೋ" ಅನ್ನುತ್ತಿದ್ದರು.

2011ರ ಜುಲೈನಲ್ಲಿ ನಾನು ಅಬುಧಾಬಿಗೆ ಬಂದೆ. ಅಕ್ಟೋಬರಿನಲ್ಲಿ ಮೆಟಾಲಿಕಾ ಭಾರತಕ್ಕೆ ಹೊರಟಿತು. ಗುರ್‌ಗಾಂವ್‌ನ ಕಾರ್ಯಕ್ರಮ ರದ್ದಾಗಿ, 30ರ ಭಾನುವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದರು. ಹಾಸ್ಟೆಲಿನ ಅದೇ ಗೆಳೆಯ ಮೈದಾನದಿಂದ ಫೋನ್ ಮಾಡಿ ವೇದಿಕೆಯತ್ತ ಹಿಡಿದ. ನನಗೆ ಕೇಳಿಸಿದ್ದು ಮಿಕ್ಸಿ ತಿರುಗಿದ ಹಾಗಿನ ಸದ್ದು. ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು. ಇನ್ನೂ ನೋವಿನ ಮಾತೆಂದರೆ, ಐದು ದಿನ ಮೊದಲು, 25ರಂದು, ಅವರು ಅಬುಧಾಬಿಯ ಯಾಸ್ ದ್ವೀಪಕ್ಕೇ ಬಂದು ಹೋಗಿದ್ದರು. ನಾನು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ರುವೈಸ್‌ನಲ್ಲಿ, ವೀಸಾಕ್ಕೆ ಮಾಡಿದ ಸಾಲ ತೀರಿಸುತ್ತಾ, ರಾತ್ರಿ ಪಾಳಿಯಲ್ಲಿದ್ದೆ.

2013ರ ಏಪ್ರಿಲ್ 19ರಂದು ಅವರು ಮತ್ತೆ ಯಾಸ್ ದ್ವೀಪಕ್ಕೆ ಬಂದರು. ಆಗ ನಾನು ಮುಸಫಾಕ್ಕೆ ಬಂದಿದ್ದೆ, ಸಾಲ ತೀರಿತ್ತು, ಅಂದು ಶುಕ್ರವಾರ, ರಜೆ. ಟಿಕೆಟ್ ದರ ನೋಡಿದೆ. ಆಗ ಒಂದು ದಿರ್ಹಮಿಗೆ ಹೆಚ್ಚುಕಡಿಮೆ 15 ರೂಪಾಯಿ. ಗುಣಿಸಿದರೆ ನಮ್ಮ ರೂಮಿನ ಮೆಸ್ಸಿಗೆ ತಿಂಗಳಿಗೆ ಕೊಡುವುದಕ್ಕಿಂತ ಜಾಸ್ತಿ. "ಯೂಟ್ಯೂಬಲ್ಲಿ ಪುಕ್ಕಟೆ ಸಿಗ್ತದಲ್ಲ ಮಾರಾಯ" ಎಂದರು ರೂಮಿನಲ್ಲಿದ್ದ ಪುತ್ತೂರಿನವರು. ಮೂರು ದಿನ ಯೋಚಿಸಿ ಟಿಕೆಟ್ ಕೊಂಡೆ. ಆ ತಿಂಗಳು ಮನೆಗೆ ಹಣ ಕಡಿಮೆ ಹೋಯಿತು. "ಓವರ್‌ಟೈಮ್ ಸಿಗಲಿಲ್ಲ ಅಮ್ಮ" ಎಂದು ಸುಳ್ಳು ಹೇಳಿದೆ.

ಕತ್ತಲಾದ ಮೇಲೆ ಪರದೆಯ ಮೇಲೆ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರದ ಸ್ಮಶಾನದ ದೃಶ್ಯ, ಜೊತೆಗೆ ಎನ್ನಿಯೊ ಮೊರಿಕೋನೆಯ ಸಂಗೀತ. 1980ರ ದಶಕದಿಂದಲೂ ಅವರು ವೇದಿಕೆಗೆ ಬರುವ ಮುನ್ನ ಇದೇ ಸಂಗೀತ. ನೂರು ಸಲ ವಿಡಿಯೋದಲ್ಲಿ ನೋಡಿದ್ದೆ. ಆದರೆ ಲಾರ್ಸ್ ಉಲ್ರಿಕ್ ಡ್ರಮ್ಮಿಗೆ ಮೊದಲ ಪೆಟ್ಟು ಕೊಟ್ಟಾಗ ಅದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗಿತು. ಯೂಟ್ಯೂಬಿನಲ್ಲಿ ಇದು ಬರುವುದಿಲ್ಲ. ಕಾರ್ಖಾನೆಯ ಹತ್ತಿರ ಮನೆಯಿದ್ದವರಿಗೆ, ಚಂಡೆಯ ಮುಂದೆ ಕೂತು ಆಟ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

'ಮಾಸ್ಟರ್ ಆಫ್ ಪಪೆಟ್ಸ್' ಬಂದಾಗ ಇಡೀ ಮೈದಾನ ಹಾಡಿತು. ಅದು ಮಾದಕ ವ್ಯಸನದ ಬಗೆಗಿನ ಹಾಡು. ಮನುಷ್ಯನನ್ನು ಸೂತ್ರದ ಗೊಂಬೆಯಂತೆ ಆಡಿಸುವ ಯಜಮಾನ ಎಂದರೆ ಆ ಚಟವೇ. ದಿನಾ ಟೈಮ್‌ಕಾರ್ಡ್ ಪಂಚ್ ಮಾಡುವ ನನಗೆ ಅಲ್ಲಿ ಬೇರೆ ಯಜಮಾನರೂ ನೆನಪಾದರು. ನನ್ನ ಎಡಕ್ಕೆ ಒಬ್ಬ ಫಿಲಿಪೀನಿ, ಬಲಕ್ಕೆ ಇಬ್ಬರು ಲೆಬನಾನಿನ ಹುಡುಗರು. ಎಲ್ಲರಿಗೂ ಪದಗಳು ಬಾಯಿಪಾಠ. ಮುಂದಿನ ಸಾಲಿನಲ್ಲಿ ಕಪ್ಪು ಟೀ ಶರ್ಟ್ ಹಾಕಿ ಕುಣಿಯುತ್ತಿದ್ದವರು ತಿರುಗಿದಾಗ ನೋಡುತ್ತೇನೆ, ನಮ್ಮ ಸೈಟಿನ ಪ್ರಾಜೆಕ್ಟ್ ಇಂಜಿನಿಯರ್! ಎರಡು ವರ್ಷದಲ್ಲಿ ನನ್ನ ಹೆಸರು ಹಿಡಿದು ಕರೆಯದವರು ಹೆಗಲ ಮೇಲೆ ಕೈ ಹಾಕಿದರು. ಮರುದಿನ ಸೈಟಿನಲ್ಲಿ ಮತ್ತೆ ಅವರು ಸಾಹೇಬರೇ, ನಾನು ಫೋರ್‌ಮನ್ನೇ. ಆದರೆ ಅಂದಿನಿಂದ ಹೆಸರು ಹಿಡಿದು ಕರೆದರು.

ಇಷ್ಟಕ್ಕೆ ಅಷ್ಟು ಹಣವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ವೀಸಾ ಸಾಲ ಬಾಕಿ ಇರುವವನಿಗೆ, ಮನೆಯಲ್ಲಿ ಕಾಯಿಲೆಯವರು ಇರುವವನಿಗೆ ನಾನು ಈ ಮಾತು ಹೇಳುವುದಿಲ್ಲ. ಆದರೆ ಸಾಲ ತೀರಿದ ಮೇಲೂ ನಾವು ಮುಂದೂಡುತ್ತಲೇ ಇರುತ್ತೇವಲ್ಲ, ಅದು ನನಗೆ ಭಯ ಹುಟ್ಟಿಸುತ್ತದೆ. ಮನೆ ಆಗಲಿ, ಆಮೇಲೆ. ಮಕ್ಕಳ ಓದು ಮುಗಿಯಲಿ, ಆಮೇಲೆ. ಊರಿಗೆ ಹೋಗಿ ನೆಲೆಸೋಣ, ಆಮೇಲೆ. ಹೀಗೆ 'ಆಮೇಲೆ' ಎನ್ನುತ್ತಲೇ ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಹೋದವರನ್ನು ನಾನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಿದ್ದೇನೆ. ಇಪ್ಪತ್ತು ವರ್ಷ ಇದ್ದ ಊರಿನಲ್ಲಿ ಅವರಿಗೆ ಕ್ಯಾಂಪ್, ಸೈಟ್, ಎಕ್ಸ್‌ಚೇಂಜ್ ಬಿಟ್ಟರೆ ನೆನಪಿಗೊಂದು ಜಾಗವಿರಲಿಲ್ಲ.

ನನ್ನ ಸುಳ್ಳು ಆರು ವರ್ಷ ಕಾಡಿತು. ರಜೆಯಲ್ಲಿ ಹೋದಾಗ ಒಂದು ರಾತ್ರಿ ಅಪ್ಪನ ಬಳಿ ಒಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಸೆಕೆಂಡ್ ಶಿಫ್ಟಿಗೆ ಚಕ್ಕರ್ ಹಾಕಿ ಶಿವಮೊಗ್ಗಕ್ಕೆ ಕಂಪನಿ ನಾಟಕ ನೋಡಕ್ಕೆ ಹೋಗಿದ್ದೆ. ಸಂಬಳ ಕಟ್ಟಾಯ್ತು. ನಿಮ್ಮಜ್ಜಿಗೆ ಏನೋ ಒಂದು ಸುಳ್ಳು ಹೇಳ್ದೆ. ನಾಟಕ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ." ಆಮೇಲೆ ಅಮ್ಮನಿಗೆ ಕೇಳಿಸದ ಹಾಗೆ ನಕ್ಕರು.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಮಾತು. ಆ ರಾತ್ರಿ ವೇದಿಕೆಯ ಮೇಲೆ ಸಂಗೀತಗಾರರದ್ದೇ ರಾಜ್ಯ. ನಮ್ಮ ರಾಜ್ಯೋತ್ಸವಗಳಲ್ಲಿ ಮುಖ್ಯ ಅತಿಥಿಗಳ ಭಾಷಣ, ಶಾಲು, ಹಾರ, ನೆನಪಿನ ಕಾಣಿಕೆ ಮುಗಿಯುವಷ್ಟರಲ್ಲಿ ಹಾಲ್ ಬಿಡುವ ಹೊತ್ತು. ಊರಿನಿಂದ ಕರೆಸಿದ ಗಾಯಕರಿಗೆ ಉಳಿಯುವುದು ಅರ್ಧ ಗಂಟೆ, ಅದೂ ಮೈಕ್ ಪರೀಕ್ಷೆಯಿಲ್ಲದೆ. ಒಂದು ವರ್ಷವಾದರೂ ಭಾಷಣಗಳನ್ನು ಹತ್ತು ನಿಮಿಷಕ್ಕೆ ಇಳಿಸೋಣ. ಒಳ್ಳೆಯ ಸೌಂಡ್ ಇಡೋಣ, ವಾದ್ಯದವರಿಗೆ ಸರಿಯಾದ ಸಂಭಾವನೆ ಕೊಡೋಣ. ಕ್ಯಾಂಪುಗಳಿಗೆ ಒಂದು ಬಸ್ ಕಳಿಸಿ, ಮುಂದಿನ ಎರಡು ಸಾಲು ಸೋಫಾ ತೆಗೆದು, ಅಲ್ಲಿ ಆ ಹುಡುಗರನ್ನು ನಿಲ್ಲಿಸೋಣ. ಅವರ ಹಾಡು ರಾಕ್ ಆಗಬೇಕಿಲ್ಲ. ಜಾನಪದವಿರಲಿ, ಭಾವಗೀತೆಯಿರಲಿ, ಸಿನಿಮಾ ಹಾಡೇ ಇರಲಿ. ಬೆಲೆ ಗುಣಿಸದೆ, ಮೊಬೈಲ್ ಎತ್ತದೆ, ಬಾಯಿ ತುಂಬ ಹಾಡಲು ಅವರಿಗೊಂದು ಸಂಜೆ ಸಿಗಲಿ. ಬೆಳಿಗ್ಗೆ ಐದಕ್ಕೆ ಡ್ಯೂಟಿ ಬಸ್ ಹೇಗೂ ಬಂದೇ ಬರುತ್ತದೆ.