ಪರದೆಗೂ ಒಂದು ಮಾನದಂಡ ಬೇಕು

ಫೋಟೋ ಮುದ್ರಿಸಿಕೊಂಡು ಬಂದವರಲ್ಲಿ ಬಹುತೇಕರ ದೂರು ಒಂದೇ: "ಕಂಪ್ಯೂಟರಿನಲ್ಲಿ ಎಷ್ಟು ಚೆನ್ನಾಗಿತ್ತು, ಪ್ರಿಂಟು ಕಪ್ಪಾಗಿ ಬಂದಿದೆ." ತಪ್ಪನ್ನು ಸ್ಟುಡಿಯೋದವರ ತಲೆಗೆ ಕಟ್ಟುವುದು ಸುಲಭ. ಆದರೆ ಮೊದಲು ಪರೀಕ್ಷೆಗೆ ಕೂರಬೇಕಾದುದು ನಮ್ಮ ಮನೆಯ ಮಾನಿಟರ್ ಎಂಬುದು ನನ್ನ ಅಭಿಪ್ರಾಯ.

ಪರದೆ ತಾನೇ ಬೆಳಕನ್ನು ಸೂಸುತ್ತದೆ. ಅಲ್ಲಿ ಕೆಂಪು, ಹಸಿರು, ನೀಲಿ ಬೆರೆತರೆ ಬಿಳುಪು. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲಿನ ಬಣ್ಣವು ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಹೀರಿ, ಉಳಿದುದನ್ನು ಹಿಂದಿರುಗಿಸುತ್ತದೆ. ಆದ್ದರಿಂದ ಇವೆರಡೂ ತದ್ರೂಪವಾಗಲಾರವು. ಹತ್ತಿರ ತರಬಹುದು, ಅಷ್ಟೇ. ಹೊಳಪು ಅತಿಯಾದ ಪರದೆಯಲ್ಲಿ ಮಂದವಾದ ಚಿತ್ರವೂ ಬೆಳಗುತ್ತದೆ. ಅದನ್ನೇ ನಂಬಿ ಮುದ್ರಿಸಿದರೆ ಕಾಗದ ಕಪ್ಪಿಡುವುದು ಸಹಜ.

ಎಸ್.ಎಸ್.ಎಲ್.ಸಿ. ಮೌಲ್ಯಮಾಪನದಲ್ಲಿ ಎಲ್ಲ ಉಪಾಧ್ಯಾಯರ ಕೈಗೂ ಒಂದೇ ಮಾದರಿ ಉತ್ತರವನ್ನು ಕೊಡುತ್ತಾರಷ್ಟೆ? ಬಣ್ಣಕ್ಕೂ ಅಂಥದೊಂದು ಒಪ್ಪಂದವಿದೆ. 1993ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವರ್ಣ ಒಕ್ಕೂಟವು ರೂಪಿಸಿದ 'ಐಸಿಸಿ ಪ್ರೊಫೈಲ್' ಒಂದೊಂದು ಉಪಕರಣದ ವರ್ಣಗುಣವನ್ನು ಅಂಕಿಗಳಲ್ಲಿ ತಿಳಿಸುತ್ತದೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೂಚಿಸಿದ 'ಎಸ್‌ಆರ್‌ಜಿಬಿ' 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ಮಾಡುವ ಕ್ರಮ ಕಠಿಣವಲ್ಲ. ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಡಿ. ಕಲರಿಮೀಟರ್ ಎಂಬ ಪುಟ್ಟ ಉಪಕರಣವನ್ನು ಪರದೆಗೆ ತಗುಲಿಸಿ, ಬಿಳುಪು 6500 ಕೆಲ್ವಿನ್, ಗ್ಯಾಮಾ 2.2, ಹೊಳಪು ಚದರ ಮೀಟರಿಗೆ ಸುಮಾರು 100 ಕ್ಯಾಂಡೆಲಾ ಎಂದು ನಿಗದಿಪಡಿಸಿ. ಉಳಿದುದನ್ನು ಅದರ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಮನೆಗೊಂದು ಉಪಕರಣ ದುಬಾರಿ ಎನ್ನುವವರು ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು. ಅದೂ ಆಗದಿದ್ದರೆ, ಒಂದು ಪ್ರಿಂಟನ್ನು ಹಗಲು ಬೆಳಕಿನಲ್ಲಿ ಹಿಡಿದು, ಪರದೆಯ ಹೊಳಪನ್ನು ಅದಕ್ಕೆ ಸರಿಹೊಂದುವವರೆಗೆ ಇಳಿಸಿರಿ.

"ಇಷ್ಟೆಲ್ಲ ಏಕೆ ಸಾರ್?" ಎಂದು ನೀವು ಕೇಳಬಹುದು. ದಿವಂಗತರಾದ ನನ್ನ ತಾಯಿಯವರ ಭಾವಚಿತ್ರವನ್ನು ಮುದ್ರಿಸಲು ಕೊಟ್ಟಾಗ ಅಂಗಡಿಯವರು ನಾನು ಕೇಳದೆಯೇ ಮುಖವನ್ನು ಬೆಳ್ಳಗಾಗಿಸಿದರು. "ಚೆನ್ನಾಗಿ ಕಾಣಲಿ ಅಂತ" ಎಂಬುದು ಅವರ ಸಮಜಾಯಿಷಿ. ಅಮ್ಮ ಕೃಷ್ಣವರ್ಣದವರು, ನಾವು ಮಕ್ಕಳು ಬಲ್ಲ ಮುಖ ಅದೇ. ಅಳೆದು ಹೊಂದಿಸಿದ ಪರದೆಯ ಪಕ್ಕದಲ್ಲಿ ಪ್ರಿಂಟನ್ನು ಇಟ್ಟು ತೋರಿಸಿದ ಮೇಲೆಯೇ ಅವರು ಬೇರೊಂದು ಮುದ್ರಿಸಿಕೊಟ್ಟರು.

ಇದು ಒಂದು ಅಂಗಡಿಯ ದೋಷವಲ್ಲ. ಫಿಲ್ಮಿನ ಕಾಲದಲ್ಲಿ ಲ್ಯಾಬುಗಳು ಬಣ್ಣ ಹೊಂದಿಸಲು ಬಳಸುತ್ತಿದ್ದ ಕೊಡ್ಯಾಕ್ ಕಂಪನಿಯ 'ಶರ್ಲಿ ಕಾರ್ಡು'ಗಳಲ್ಲಿ ದಶಕಗಳ ಕಾಲ ಇದ್ದುದು ಬಿಳಿಯ ಹೆಂಗಸರ ಮುಖ. ಅಳತೆಗೋಲೇ ಪಕ್ಷಪಾತಿಯಾದರೆ ಕಪ್ಪು ಮೈಬಣ್ಣಕ್ಕೆ ನ್ಯಾಯವೆಲ್ಲಿ?

ಆದುದರಿಂದ, ಹಿರಿಯರ ಚಿತ್ರಗಳನ್ನು ಮುದ್ರಣಕ್ಕೆ ಕಳುಹಿಸುವ ಮುನ್ನ ಪರದೆಯನ್ನು ಅಳೆಯಿರಿ. 'ಆಟೋ ಕರೆಕ್ಷನ್ ಬೇಡ' ಎಂದು ಬರೆದುಕೊಡಿ. ನಮ್ಮ ಮೊಮ್ಮಕ್ಕಳು ಅವರನ್ನು ಕಾಣುವುದು ಆ ಕಾಗದದಲ್ಲಿ ಮಾತ್ರ.