ಬಿಸಾಡುವುದೂ ಒಂದು ಲೆಕ್ಕ

ಕಳೆದ ತಿಂಗಳು ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ. ಆರನೇ ತರಗತಿಯ ಪುಟ್ಟಿ ಮೊದಲ ಸಲ ಒಬ್ಬಳೇ ವೇದಿಕೆಯ ಮೇಲೆ ನಿಂತು ದೇವರನಾಮ ಹಾಡುವವಳಿದ್ದಳು. ದುಬೈಯಲ್ಲಿರುವ ಅವಳಪ್ಪನಿಗೆ ವಿಡಿಯೋ ಕಳಿಸುವ ಜವಾಬ್ದಾರಿ ನನ್ನದು. ಎರಡನೇ ಸಾಲಿನಲ್ಲಿ ಜಾಗ ಹಿಡಿದು ಫೋನ್ ಎತ್ತಿ ಹಿಡಿದೆ. ಪಲ್ಲವಿ ಮುಗಿಯುವಷ್ಟರಲ್ಲಿ ಫೋನು ‘ಸ್ಟೋರೇಜ್ ಫುಲ್’ ಎಂದು ನಿಂತೇಬಿಟ್ಟಿತು.

ಮನೆಗೆ ಬಂದ ಮೇಲೆ ಪುಟ್ಟಿ ಕೇಳಿದಳು: “ತಾತಾ, ಚರಣ ಎಲ್ಲಿ?” ನನ್ನ ಹತ್ತಿರ ಉತ್ತರವಿರಲಿಲ್ಲ.

ಭಾನುವಾರ ಇಬ್ಬರೂ ಕೂತು, ಹಳೇ ಮನೆಯ ಅಟ್ಟ ಹತ್ತಿದ ಹಾಗೆ ಫೋನಿನೊಳಗೆ ಇಳಿದೆವು. ಒಂಬತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು! ಗುಲಾಬಿಯ ಶುಭೋದಯ, ಸೂರ್ಯನ ಶುಭೋದಯ, ಕಾಫಿ ಲೋಟದ ಶುಭೋದಯ. ಹಿತ್ತಲಿನ ಒಂದೇ ದಾಸವಾಳಕ್ಕೆ 23 ಫೋಟೊ. ಯಾವತ್ತೋ ಕಟ್ಟಿಯಾದ ಕರೆಂಟು ಬಿಲ್ಲು.

“ಇದನ್ನೆಲ್ಲ ಯಾಕೆ ಇಟ್ಕೊಂಡಿದೀಯ ತಾತಾ?”

“ಮುಂದೆ ಬೇಕಾದೀತು ಅಂತ.”

“ಒಂದು ಸಲವಾದ್ರೂ ತೆಗೆದು ನೋಡಿದೀಯಾ?”

ನೋಡಿರಲಿಲ್ಲ. ಬ್ಯಾಂಕಿನಲ್ಲಿ ಒಂದು ವೋಚರ್ ಕಳೆದರೂ ರಾತ್ರಿ ಹತ್ತರವರೆಗೆ ಹುಡುಕುತ್ತಿದ್ದವನು ನಾನು. ಏನನ್ನೂ ಬಿಸಾಡದಿರುವುದೇ ಶಿಸ್ತು ಎಂದುಕೊಂಡಿದ್ದೆ. ಆದರೆ ಅದು ನಿಯಮದ ಅರ್ಧ ಭಾಗ ಮಾತ್ರ. 1985ರ ನಿಯಮದಂತೆ ಬ್ಯಾಂಕುಗಳು ಕೆಲವು ದಾಖಲೆಗಳನ್ನು ಕನಿಷ್ಠ 5 ವರ್ಷ, ಲೆಡ್ಜರು, ವೋಚರುಗಳಂಥವನ್ನು ಕನಿಷ್ಠ 8 ವರ್ಷ ಇಡಬೇಕು. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಾಳೆ ನೋಡಿ, ಸಹಿ ಹಾಕಿ ವಿಲೇವಾರಿ ಮಾಡುತ್ತಿದ್ದೆವು. ಹಾಗೆ ಮಾಡದಿದ್ದರೆ ರೆಕಾರ್ಡ್ ರೂಮಿನಲ್ಲಿ ಬೇಕಾದ ಕಾಗದ ಸಿಗುತ್ತಲೇ ಇರಲಿಲ್ಲ.

ಫೋನಿಗೂ ಅದೇ ಕ್ರಮ ಎಂದೆ. ಪುಟ್ಟಿ ಆರಿಸುವುದು, ನಾನು ತಾಳೆ ನೋಡುವುದು. ಮಕ್ಕಳೇ, ಈ ಲೆಕ್ಕ ನೋಡಿ: ಒಂದು ಫೋಟೊ 4 ಎಂ.ಬಿ. ಎಂದಿಟ್ಟುಕೊಂಡರೆ ಸುಮಾರು 250 ಫೋಟೊಗೆ 1 ಜಿ.ಬಿ. ತುಂಬುತ್ತದೆ. ಒಂದೇ ನಿಮಿಷದ ವಿಡಿಯೋ 100 ಎಂ.ಬಿ. ದಾಟುವುದುಂಟು. ಆದ್ದರಿಂದ ಮೊದಲು ದೊಡ್ಡ ವಿಡಿಯೋಗಳನ್ನು ಹಿಡಿಯಬೇಕು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಒತ್ತಿದರೆ ದೊಡ್ಡ ಫೈಲುಗಳು ಒಂದೇ ಕಡೆ ಕಾಣುತ್ತವೆ. ಚಿತ್ರ, ವಿಡಿಯೋಗಳು ತಾವಾಗಿಯೇ ಇಳಿಯದಂತೆ ಅಲ್ಲೇ ತಡೆಯಲೂಬಹುದು.

“ಎಲ್ಲಾ ಕ್ಲೌಡಿಗೆ ಹಾಕಿದ್ರೆ ಆಯ್ತಲ್ಲ?” ಎಂದಳು ಪುಟ್ಟಿ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ ಕಂದ, ಎಲ್ಲೋ ಕಟ್ಟಡಗಳಲ್ಲಿ ಹಗಲೂ ರಾತ್ರಿ ಕರೆಂಟು ತಿನ್ನುವ ಯಂತ್ರಗಳು. ಗೂಗಲ್ ಪುಕ್ಕಟೆ ಕೊಡುವುದೂ 15 ಜಿ.ಬಿ. ಮಾತ್ರ, ಮೇಲ್, ಫೋಟೊ, ಡ್ರೈವ್ ಎಲ್ಲಕ್ಕೂ ಸೇರಿ. ಕಸವನ್ನು ಇನ್ನೊಬ್ಬರ ಅಟ್ಟಕ್ಕೆ ಏರಿಸಿದರೆ ಅದು ಕಸವಾಗಿಯೇ ಇರುತ್ತದೆ.

ಸಂಜೆ ಹೊತ್ತಿಗೆ ಪುಟ್ಟಿಯ ಬೆರಳು ಒಂದು ಕಡೆ ನಿಂತಿತು. “ತಾತಾ, ಇದು ಅಜ್ಜಿ.” ಒಂದು ಧ್ವನಿ ಸಂದೇಶ, ಹನ್ನೆರಡು ಸೆಕೆಂಡಿನದು. “ಬರೋವಾಗ ಕರಿಬೇವು ತನ್ನಿ. ಮೋಡ ಆಗಿದೆ, ಛತ್ರಿ ಮರೀಬೇಡಿ.” ಅವಳು ಹೋಗಿ ಎರಡು ವರ್ಷವಾಯಿತು. ಆ ದನಿ ಫೋನಿನಲ್ಲಿ ಎಲ್ಲೋ ಇದೆಯೆಂದು ಗೊತ್ತಿತ್ತು. ಹುಡುಕಿ ಹುಡುಕಿ ಸೋತಿದ್ದೆ. ಅದನ್ನು ಹೂತಿಟ್ಟದ್ದು ನಾನೇ ಕೂಡಿಟ್ಟ ಗುಲಾಬಿ ಹೂಗಳು!

ಅಂದು ಆರು ಸಾವಿರ ಚಿತ್ರಗಳು ಹೋದವು. ಅಜ್ಜಿಯ ದನಿಯನ್ನು ಫೋನಿನಲ್ಲೂ ಪೆನ್‌ಡ್ರೈವಿನಲ್ಲೂ, ಎರಡು ಕಡೆ ಇಟ್ಟೆವು. ಪುಟ್ಟಿಯ ಅರ್ಧ ಹಾಡನ್ನೂ ಅದರ ಪಕ್ಕದಲ್ಲೇ ಇಟ್ಟೆ. ಉಳಿದರ್ಧವನ್ನು ಅವಳು ಅಂದು ದೀಪ ಹಚ್ಚುವ ಹೊತ್ತಿಗೆ ಹಾಡಿ ತೋರಿಸಿದಳು.

ಅಜ್ಜ–ಅಜ್ಜಿಯರೇ, ಈ ಭಾನುವಾರ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಫೋನು ತೆರೆಯಿರಿ. ಮಕ್ಕಳೇ, ಒಂದು ಎಚ್ಚರಿಕೆ: ದೊಡ್ಡವರನ್ನು ಕೇಳದೆ ಏನನ್ನೂ ಅಳಿಸಬೇಡಿ. ಬ್ಯಾಂಕಿನಲ್ಲಿದ್ದಂತೆ ಇದಕ್ಕೂ ಎರಡು ಸಹಿ ಬೇಕು.