ಪಾಠಕ್ರಮದ ಮೆಟ್ಟಿಲುಗಳು

ಮನೆ ಕಟ್ಟುವವನು ಅಡಿಪಾಯದಿಂದ ಮೇಲಕ್ಕೆ ಕಟ್ಟುವನೇ ಹೊರತು ಮಾಳಿಗೆಯಿಂದ ಕೆಳಕ್ಕೆ ಕಟ್ಟುವದಿಲ್ಲ. ಆದರೆ ನಮ್ಮ ಮಕ್ಕಳ ಪಾಠಕ್ರಮದ ವಿಷಯದಲ್ಲಿ ಮಾತ್ರ ಈ ಸಾಮಾನ್ಯ ನ್ಯಾಯವನ್ನು ನಾವು ಮರೆತಂತೆ ಕಾಣುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅಂಜಿಕೆಯು ಎಂಟನೆಯ ಇಯತ್ತೆಗೆ ಇಳಿಯುತ್ತದೆ. ಎಂಟನೆಯದರ ಅಂಜಿಕೆಯು ಐದನೆಯದಕ್ಕೆ ಇಳಿಯುತ್ತದೆ. ಕೊನೆಗೆ ಒಂದನೆಯ ಇಯತ್ತೆಯಲ್ಲಿ ಕಲಿಸತಕ್ಕ ಅಕ್ಷರಗಳನ್ನು ಮೂರೂವರೆ ವರುಷದ ಕೂಸಿನ ಕೈಯಿಂದ ಶಿಶುವಿಹಾರದಲ್ಲಿಯೇ ತಿದ್ದಿಸುವರು. ಭಾರವೆಲ್ಲ ಮೇಲಿನಿಂದ ಕೆಳಗೆ ಇಳಿದು ಬಂದು ಎಲ್ಲಕ್ಕೂ ಎಳೆಯ ಹೆಗಲಿನ ಮೇಲೆ ಕೂಡುತ್ತದೆ. ಮೂರನೆಯ ವರುಷದಿಂದ ಹದಿನಾಲ್ಕನೆಯ ವರುಷದವರೆಗಿನ ಪಾಠಕ್ರಮವು ಒಂದೇ ಮೆಟ್ಟಿಲುಸಾಲಾಗಿರಬೇಕು, ಅದನ್ನು ಕೆಳಗಿನಿಂದಲೇ ಕಟ್ಟಬೇಕು ಎಂಬುದಿಷ್ಟೇ ನಾವು ಇಂದು ವಾಚಕರ ಮುಂದೆ ಇಡಬಯಸುವ ಮಾತು.

ಒಳ್ಳೆಯ ಪಾಠಕ್ರಮವು ಹೇಗೆ ಬೆಳೆಯುವದೆಂಬುದನ್ನು ಗಣಿತದ ಉದಾಹರಣೆಯಿಂದ ನೋಡೋಣ. ಶಿಶುವಿಹಾರದ ಮಗುವಿಗೆ ಅಂಕಿಯ ಅವಶ್ಯಕತೆಯಿಲ್ಲ. ಹುಣಸೆಬೀಜಗಳನ್ನೂ ಕವಡೆಗಳನ್ನೂ ಬೇರೆ ಬೇರೆ ಗುಂಪು ಮಾಡುವದು, ತಟ್ಟೆಗೊಂದು ಬಟ್ಟಲಿನಂತೆ ಜೋಡಿಸುವದು, ಯಾವ ರಾಶಿ ಹೆಚ್ಚು, ಯಾವದು ಕಡಿಮೆ ಎಂದು ಹೇಳುವದು, ಇದೇ ಅದರ ಗಣಿತ. ಒಂದನೆಯ, ಎರಡನೆಯ ಇಯತ್ತೆಗಳಲ್ಲಿ ಅದೇ ಮಗು ಹತ್ತು ಹತ್ತು ಕಡ್ಡಿಗಳ ಕಟ್ಟು ಮಾಡಿ, ಕಟ್ಟುಗಳೆಷ್ಟು, ಬಿಡಿಗಳೆಷ್ಟು ಎಂದು ಎಣಿಸುವಾಗ ಸ್ಥಾನಬೆಲೆಯು ತಾನಾಗಿಯೇ ಮನಸ್ಸಿಗೆ ಹತ್ತುವದು. ಮುಂದೆ ಮಗ್ಗಿಯೆಂದರೆ ಕೂಡಿಸುವದರ ಸಂಕ್ಷೇಪವೆಂದು ತಿಳಿಯುವದು. ರೊಟ್ಟಿಯ ಅರ್ಧ, ಕಾಲುಗಳಿಂದ ಭಿನ್ನರಾಶಿಯು ಹುಟ್ಟುವದು. ಆರನೆಯ ಇಯತ್ತೆಯ ಹೊತ್ತಿಗೆ ಸೊನ್ನೆಗಿಂತ ಕೆಳಗಿನ ಸಂಖ್ಯೆಗಳೂ, ಸಂಖ್ಯೆಯ ಬದಲಿಗೆ ನಿಲ್ಲುವ ಅಕ್ಷರವೂ ಬರುವವು. ಎಂಟನೆಯದರಲ್ಲಿ ಸಮೀಕರಣವನ್ನು ಬಿಡಿಸುವ ಶಕ್ತಿಯು ಬರುವದು. ಕಟ್ಟು ಕಟ್ಟದೆ ಸ್ಥಾನಬೆಲೆಯನ್ನು ಬಾಯಿಪಾಠ ಮಾಡಿದವನು ದಶಾಂಶದಲ್ಲಿ ಎಡವುವನು. ಭಿನ್ನರಾಶಿಯು ತಿಳಿಯದವನು ಬಡ್ಡಿಯ ಲೆಕ್ಕದಲ್ಲಿ ಎಡವುವನು. ಬೀಜಗಣಿತಕ್ಕೆ ಅಂಜುವ ಹುಡುಗನ ರೋಗದ ಬೇರು ಬಹುಮಟ್ಟಿಗೆ ಎರಡನೆಯ ಇಯತ್ತೆಯಲ್ಲಿಯೇ ಇರುವದು.

ಭಾಷೆಯ ಮಾತೂ ಹೀಗೆಯೇ. ಕೇಳುವದು, ಮಾತಾಡುವದು, ಕಥೆ ಹೇಳುವದು, ಚಿತ್ರ ಗೀಚುವದು, ಇವು ಆದ ಬಳಿಕ ಓದು. ಓದಿನ ಜತೆಗೆ ಬರಹ. ಕೊನೆಗೆ ಸ್ವಂತ ವಿಚಾರದ ನಿಬಂಧ. ಪರಿಸರದ ಪಾಠವು ಮನೆಯಿಂದ ಹೊರಟು ಓಣಿ, ಊರು, ಜಿಲ್ಲೆಗಳನ್ನು ದಾಟಿ, ಆರನೆಯ ಇಯತ್ತೆಯಲ್ಲಿ ವಿಜ್ಞಾನವೆಂದೂ ಸಮಾಜವಿಜ್ಞಾನವೆಂದೂ ಎರಡು ಕವಲಾಗುವದು. ಈ ವಿಚಾರವೇನೂ ಹೊಸದಲ್ಲ. ಜರ್ಮನಿಯ ಫ್ರೋಬೆಲ್ ಮಹಾಶಯನು 1840ರಲ್ಲಿ ತನ್ನ ಶಿಶುಶಾಲೆಗೆ ಮಕ್ಕಳ ತೋಟವೆಂಬ ಅರ್ಥದ ಹೆಸರಿಟ್ಟನು. 1920ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ತೆರೆದರು. 1937ರಲ್ಲಿ ವರ್ಧಾದ ಸಮ್ಮೇಲನವು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಏಳು ವರುಷಗಳ ಶಿಕ್ಷಣವನ್ನು ಮಾತೃಭಾಷೆಯಲ್ಲಿ, ಕೈಕಸುಬಿನ ಸುತ್ತಲೂ ಹೆಣೆಯಬೇಕೆಂದು ಠರಾಯಿಸಿತು.

ನಮ್ಮ ನಾಡೂ ಈ ದಿಕ್ಕಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ 'ನಲಿ ಕಲಿ' ಎಂಬ ಪದ್ಧತಿಯು ಪ್ರಾರಂಭವಾಯಿತು. ಋಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು ಸರಕಾರಿ ಶಾಲೆಗಳ ಮಾಸ್ತರರೇ ಅದನ್ನು ರೂಪಿಸಿದರು. ಅಲ್ಲಿ ಮಗು ಅ ಆ ಇ ಈ ಎಂದು ಒದರುತ್ತ ಕೂಡುವದಿಲ್ಲ. ರ, ಗ, ಸ, ದ, ಅ ಎಂಬ ಸುಲಭವಾದ ಅಕ್ಷರಗಳಿಂದ ಹೊರಟು ಕೂಡಲೆ ಶಬ್ದಗಳನ್ನು ಓದತೊಡಗುವದು. ಕಲಿಕೆಯು ಸಣ್ಣ ಸಣ್ಣ ಮೈಲಿಗಲ್ಲುಗಳಾಗಿ ಒಡೆದಿರುವದು. ಕಾರ್ಡುಗಳ ಏಣಿಯನ್ನು ಪ್ರತಿಯೊಂದು ಮಗುವೂ ತನ್ನ ಶಕ್ತ್ಯನುಸಾರ ಏರುವದು. ಜ್ವರ ಬಂದು ಎಂಟು ದಿನ ಬಿಟ್ಟ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುವದು. 2009-10ರಲ್ಲಿ ಇದು ನಾಡಿನ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ಇಯತ್ತೆಗಳಿಗೂ, ತರುವಾಯ ಮೂರನೆಯದಕ್ಕೂ ವಿಸ್ತರಿಸಿತು. ಇಂತಹ ಏಣಿಯನ್ನು ಕಟ್ಟಬಲ್ಲ ನಾಡಿನಲ್ಲಿ ಅದರ ಕೆಳಗಿನ, ಮೇಲಿನ ಮೆಟ್ಟಿಲುಗಳು ಏಕೆ ಮುರಿದಿರಬೇಕು?

ಮೊದಲನೆಯ ಮುರುಕು ಶಾಲೆಯ ಹೊಸ್ತಿಲಲ್ಲಿಯೇ ಇದೆ. 1975ರ ಅಕ್ಟೋಬರ 2ರಂದು ಕೇಂದ್ರ ಸರಕಾರವು ಪ್ರಾರಂಭಿಸಿದ ಶಿಶು ಅಭಿವೃದ್ಧಿ ಯೋಜನೆಯು ನಮ್ಮಲ್ಲಿ ಟಿ. ನರಸೀಪುರದಲ್ಲಿ ಕಾಲಿಟ್ಟಿತು, ಅಂದಿನಿಂದ ಬಡವರ ಮಕ್ಕಳ ಶಿಶುವಿಹಾರವೆಂದರೆ ಅಂಗನವಾಡಿಯೇ. ಆದರೆ ಅಂಗನವಾಡಿಯು ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಸೇರಿದ್ದು, ಶಾಲೆಯು ಶಿಕ್ಷಣ ಇಲಾಖೆಗೆ ಸೇರಿದ್ದು. ಒಂದೇ ಅಂಗಳದಲ್ಲಿದ್ದರೂ ಎರಡರ ಯಜಮಾನರು ಬೇರೆ, ದಫ್ತರಗಳು ಬೇರೆ. ಐದು ವರುಷಗಳಲ್ಲಿ ಮಗು ಏನು ಕಲಿತಿತೆಂಬುದು ಅಂಗನವಾಡಿಯ ಕಾರ್ಯಕರ್ತೆಗೆ ಗೊತ್ತು. ಒಂದನೆಯ ಇಯತ್ತೆಯ ಮಾಸ್ತರರು ಆಕೆಯನ್ನು ಕೇಳುವ ರೂಢಿಯೇ ಇಲ್ಲ. ಒಂದನೆಯ ಇಯತ್ತೆಯ ಮೊದಲ ಮೂರು ತಿಂಗಳಿಗಾಗಿ 'ವಿದ್ಯಾ ಪ್ರವೇಶ'ವೆಂಬ ಸಿದ್ಧತೆಯ ಪಾಠಗಳನ್ನು ಹೊರಡಿಸಿದ್ದೇ ಈ ಕಂದರವಿರುವದಕ್ಕೆ ಸಾಕ್ಷಿಯಾಗಿದೆ.

ಇದಕ್ಕೆ ಕಾಯದೆಯೂ ಕಾರಣವಾಗಿದೆ. 2002ರ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆರರ ಕೆಳಗಿನವರ ವಿಷಯದಲ್ಲಿ ಸರಕಾರವು ಪ್ರಯತ್ನಿಸತಕ್ಕದ್ದೆಂದಷ್ಟೇ ಹೇಳಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯದೆಯ 11ನೆಯ ಕಲಮು ಮೂರು ವರುಷ ದಾಟಿದ ಮಕ್ಕಳ ಪೂರ್ವಪ್ರಾಥಮಿಕ ಶಿಕ್ಷಣಕ್ಕೆ ಸರಕಾರವು ಏರ್ಪಾಡು ಮಾಡಬಹುದು ಎನ್ನುತ್ತದೆ, ಮಾಡತಕ್ಕದ್ದು ಎನ್ನುವದಿಲ್ಲ. 'ಬಹುದು' ಎಂಬುದಕ್ಕೂ 'ತಕ್ಕದ್ದು' ಎಂಬುದಕ್ಕೂ ಇರುವ ಅಂತರವನ್ನು ವಕೀಲರಷ್ಟೇ ಬಲ್ಲರೆಂದಲ್ಲ. ಕೂಲಿಗೆ ಹೋಗುವ ತಾಯಿಯೂ ಬಲ್ಲಳು. ಹಣವುಳ್ಳವನ ಮಗು ಫೀ ಕೊಟ್ಟು ಶಿಶುಶಾಲೆಗೆ ಹೋಗುವದು. ಅವಳ ಮಗುವಿನ ಪಾಲಿಗೆ ಬರುವದು ಈ 'ಬಹುದು' ಮಾತ್ರ.

ಇದರ ಪರಿಣಾಮವು ಕನ್ನಡ ಶಾಲೆಗಳ ಮೇಲೆ ಹೇಗೆ ಆಗಿದೆಯೆಂಬುದನ್ನು ನೋಡಿರಿ. ಖಾಸಗಿ ಶಿಶುಶಾಲೆಯ ಮಗು ನಾಲ್ಕನೆಯ ವರುಷಕ್ಕೆ ಇಂಗ್ಲಿಷ ಅಕ್ಷರಗಳನ್ನು ಒಪ್ಪಿಸುವದು. ಅಂಗನವಾಡಿಯ ಮಗು ಹಾಡುವದು, ಆಡುವದು. ಬೆರಳುಗಳಲ್ಲಿ ಇನ್ನೂ ಬಲವಿಲ್ಲದ ವಯಸ್ಸಿಗೆ ತಕ್ಕದ್ದು ಎರಡನೆಯದೇ. ಆದರೆ ಪಾಲಕರ ಕಣ್ಣಿಗೆ ಅದು ಹಿಂದೆ ಬಿದ್ದಂತೆ ಕಾಣುವದು. ಅವರು ಸಾಲ ಮಾಡಿಯಾದರೂ ಮಗುವನ್ನು ಬೇರೆ ಶಾಲೆಗೆ ಹಾಕುವರು. ಒಮ್ಮೆ ಹೊರಗೆ ಹೋದ ಮಗು ಒಂದನೆಯ ಇಯತ್ತೆಗೆ ಕನ್ನಡ ಶಾಲೆಗೆ ತಿರುಗಿ ಬರುವದು ವಿರಳ. ಕನ್ನಡ ಶಾಲೆಗಳು ಬರಿದಾಗುವದು ಏಳನೆಯ ಇಯತ್ತೆಯಲ್ಲಲ್ಲ, ಮೂರನೆಯ ವರುಷದಲ್ಲಿ.

ಎರಡನೆಯ ಮುರುಕು ನಾಲ್ಕನೆಯ ಇಯತ್ತೆಯಲ್ಲಿದೆ. ಮೂರು ವರುಷ ಗುಂಪಿನಲ್ಲಿ ಕುಳಿತು, ಗೆಳೆಯರೊಡನೆ ಚರ್ಚಿಸಿ, ತನ್ನ ವೇಗದಲ್ಲಿ ಕಲಿತ ಮಗುವನ್ನು ಒಮ್ಮೆಲೆ ಸಾಲಿನಲ್ಲಿ ಕೂಡ್ರಿಸಿ, ಎಲ್ಲರಿಗೂ ಒಂದೇ ಪುಸ್ತಕದ ಒಂದೇ ಪುಟವನ್ನು ಓದಿಸುವರು. ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗೆ ಉಳಿದಿದ್ದ ಮಗು ಇಲ್ಲಿ ಕೇಳುವವರಿಲ್ಲದೆ ಹಿಂದುಳಿಯುವದು.

ಮೂರನೆಯ ಮುರುಕು ಏಳನೆಯ, ಎಂಟನೆಯ ಇಯತ್ತೆಗಳ ನಡುವೆ. ಕಾಯದೆಯ ಪ್ರಕಾರ ಎಂಟನೆಯದೂ ಪ್ರಾಥಮಿಕ ಶಿಕ್ಷಣದ ಅಂಗವೇ. ಆದರೆ ನಮ್ಮ ಬಹುತೇಕ ಊರುಗಳಲ್ಲಿ ಅದು ಹೈಸ್ಕೂಲಿನಲ್ಲಿದೆ. ಊರಿನ ಶಾಲೆಯಲ್ಲಿ ಏಳನೆಯದನ್ನು ಮುಗಿಸಿದ ಹುಡುಗಿಯು ಇನ್ನೊಂದು ಊರಿಗೆ ನಡೆಯಬೇಕು. ಅಲ್ಲಿ ಆಕೆಯನ್ನು ಕಾಯ್ದುಕೊಂಡಿರುವದು ಎಸ್.ಎಸ್.ಎಲ್.ಸಿ.ಯ ನೆರಳು. ಪರೀಕ್ಷೆಯು ಎಷ್ಟು ಕೆಳಗೆ ಇಳಿಯಬಲ್ಲದೆಂಬುದನ್ನು 2024ರಲ್ಲಿ ನಾವೆಲ್ಲ ಕಂಡಿದ್ದೇವೆ: 5, 8, 9ನೆಯ ಇಯತ್ತೆಗಳಿಗೂ ಬೋರ್ಡಿನ ಪರೀಕ್ಷೆಯನ್ನು ನಡೆಸಹೋಗಿ, ಸಂಗತಿಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಏಪ್ರಿಲದಲ್ಲಿ ಆ ನ್ಯಾಯಾಲಯವು ಫಲಿತಾಂಶಗಳನ್ನೇ ತಡೆಯಬೇಕಾಯಿತು. ಹತ್ತು ವರುಷದ ಮಕ್ಕಳ ಪಾಠವು ಕೋರ್ಟಿನ ತಾರೀಖಿಗೆ ತೂಗಾಡುವದಕ್ಕಿಂತ ಹೆಚ್ಚಿನ ವಿಡಂಬನೆ ಯಾವದು?

ಏಕೀಕರಣಕ್ಕೆ ಮುಂಚೆ ಕನ್ನಡ ಮಕ್ಕಳು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದ, ಕೊಡಗುಗಳ ಬೇರೆ ಬೇರೆ ಪಾಠಕ್ರಮಗಳಿಗೆ ಹಂಚಿಹೋಗಿದ್ದರು. ಮುಂಬಯಿ ಕರ್ನಾಟಕದ ಹುಡುಗನು ಏಳನೆಯ ಇಯತ್ತೆಗೆ ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದನು. ನಿಜಾಮರ ಆಳಿಕೆಯಲ್ಲಿ ಉರ್ದುವೇ ಶಿಕ್ಷಣದ ಬಾಗಿಲಾಗಿತ್ತು. 1956ರ ನವೆಂಬರ 1ರಂದು ನಾಡು ಒಂದಾಯಿತು. ಆದರೆ ನಾಡಿನ ಒಂದು ಮಗುವಿನ ದಾರಿಯು ಇಂದಿಗೂ ತುಂಡುತುಂಡಾಗಿಯೇ ಇದೆ.

ಪಾಲಕರು ಇಂಗ್ಲಿಷನ್ನು ಬಯಸುವಾಗ ಇದೆಲ್ಲ ವ್ಯರ್ಥವೆಂದು ಕೆಲವರು ಅನ್ನುವರು. ಇಂಗ್ಲಿಷನ್ನು ಭಾಷೆಯಾಗಿ ಕಲಿಸುವದಕ್ಕೆ ನಮ್ಮ ವಿರೋಧವಿಲ್ಲ. 2007-08ರಿಂದಲೇ ಅದು ಸರಕಾರಿ ಶಾಲೆಗಳ ಒಂದನೆಯ ಇಯತ್ತೆಯಲ್ಲಿದೆ. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ ಮಾಧ್ಯಮವನ್ನೂ ತೆರೆದದ್ದಾಯಿತು. ಆದರೆ ಮನೆಯಲ್ಲಿ ಕೇಳದ ನುಡಿಯಲ್ಲಿ ಲೆಕ್ಕವನ್ನೂ ಪರಿಸರವನ್ನೂ ಕಲಿಸಹೊರಟರೆ ಮಗು ಒಂದೇ ಸಲಕ್ಕೆ ಎರಡು ಮೆಟ್ಟಿಲು ಹತ್ತಬೇಕಾಗುವದು. 2014ರ ಮೇ 6ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಖಾಸಗಿ ಶಾಲೆಗಳ ಮೇಲೆ ಮಾತೃಭಾಷೆಯನ್ನು ಹೇರುವ ದಾರಿಯು ಮುಚ್ಚಿದೆ. ಇನ್ನು ಉಳಿದದ್ದು ಒಂದೇ ದಾರಿ: ಪಾಲಕರು ತಾವಾಗಿಯೇ ಆರಿಸಿಕೊಳ್ಳುವಷ್ಟು ಒಳ್ಳೆಯ ಕನ್ನಡ ಶಾಲೆಯನ್ನು ಮೂರನೆಯ ವರುಷದಿಂದಲೇ ಕೊಡುವದು.

ಆದುದರಿಂದ ನಾವು ಕೇಳುವದು ನಾಲ್ಕೇ ಸಂಗತಿಗಳು. ಒಂದು, 11ನೆಯ ಕಲಮಿನ 'ಬಹುದು' ಎಂಬುದು 'ತಕ್ಕದ್ದು' ಆಗಬೇಕು. ಅಲ್ಲಿಯ ವರೆಗೆ ರಾಜ್ಯ ಸರಕಾರವು ತನ್ನ ಅಧಿಕಾರದಿಂದಲೇ ಅದನ್ನು ಮಾಡಿ ತೋರಿಸಬೇಕು. ಎರಡು, ಅಂಗನವಾಡಿಯ ಕಾರ್ಯಕರ್ತೆಗೆ ಗೌರವದ ಸಂಬಳವನ್ನೂ ಶಿಕ್ಷಣವನ್ನೂ ಕೊಟ್ಟು, ಆಕೆಯೂ ಒಂದನೆಯ ಇಯತ್ತೆಯ ಮಾಸ್ತರರೂ ಕೂಡಿ ಪಾಠಗಳನ್ನು ಯೋಜಿಸಬೇಕು. ಮಗುವಿನ ಪ್ರಗತಿಯ ದಾಖಲೆಯು ಮಗುವಿನ ಜತೆಗೇ ಶಾಲೆಗೆ ಬರಬೇಕು. ಮೂರು, ನಲಿ ಕಲಿಯ ಏಣಿಯನ್ನು ಮೂರನೆಯ ಇಯತ್ತೆಯಲ್ಲಿ ಕಡಿಯದೆ, ನಾಲ್ಕು, ಐದನೆಯದರಲ್ಲಿ ಪುಸ್ತಕದೊಡನೆ ಮೆಲ್ಲಮೆಲ್ಲನೆ ಬೆಸೆಯಬೇಕು. ನಾಲ್ಕು, ಎಂಟನೆಯ ಇಯತ್ತೆಯು ಸಾಧ್ಯವಿದ್ದಲ್ಲೆಲ್ಲ ಊರಿನ ಶಾಲೆಯಲ್ಲಿಯೇ ಇರಬೇಕು. 2020ರ ರಾಷ್ಟ್ರೀಯ ನೀತಿಯು ಮೂರರಿಂದ ಎಂಟು ವರುಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಎಣಿಸಿದೆ. ಸುಖದೇವ ಥೋರಟ ಅವರ ಅಧ್ಯಕ್ಷತೆಯ ರಾಜ್ಯದ ಆಯೋಗವು 2025ರ ಅಗಸ್ಟದಲ್ಲಿ ಎರಡು ವರುಷ ಪೂರ್ವಪ್ರಾಥಮಿಕ, ಎಂಟು ವರುಷ ಪ್ರಾಥಮಿಕ, ನಾಲ್ಕು ವರುಷ ಮಾಧ್ಯಮಿಕವೆಂಬ ರಚನೆಯನ್ನು ಸೂಚಿಸಿದೆ. ಲೆಕ್ಕಗಳು ಬೇರೆಯಾದರೂ ಶಿಶುವಿಹಾರವು ಶಾಲೆಯ ಮೊದಲ ಮೆಟ್ಟಿಲೆಂಬುದರಲ್ಲಿ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ.

ಕೊನೆಗೆ ವಾಚಕರಿಗೆ ಒಂದು ಮಾತು. ಸರಕಾರಿ ಶಾಲೆಗಳಿಗೆಲ್ಲ 2001ರಿಂದ ಪಾಲಕರ ಶಾಲಾಭಿವೃದ್ಧಿ ಸಮಿತಿಗಳಿವೆ. ಅವುಗಳ ಸಭೆಗಳಲ್ಲಿ ಕಂಪೌಂಡು, ಛಾವಣಿಗಳ ಮಾತು ನಡೆಯುವದು, ಅದೂ ಬೇಕಾದದ್ದೇ. ಆದರೆ ಬರುವ ಸಭೆಯಲ್ಲಿ ನೀವು ಎದ್ದು ನಿಂತು, "ಅಂಗನವಾಡಿಯಿಂದ ಈ ವರುಷ ಬರುವ ಮಕ್ಕಳು ಎಷ್ಟು? ಅವರಿಗೆ ಏನು ಬರುತ್ತದೆ? ನಾಲ್ಕನೆಯ ಇಯತ್ತೆಗೆ ಹೋಗುವವರಲ್ಲಿ ಏಣಿಯ ಕೆಳಗೆ ಉಳಿದವರು ಯಾರು?" ಎಂದು ಕೇಳಿರಿ. ಈ ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಡುವ ಶಾಲೆಯಲ್ಲಿ ಮುರಿದ ಮೆಟ್ಟಿಲುಗಳು ದುರಸ್ತಿಯಾಗತೊಡಗುವವು. ಅದಕ್ಕೆ ಆಯೋಗವೂ ಬೇಡ, ಆಜ್ಞೆಯೂ ಬೇಡ. ಊರಿನ ಹತ್ತು ಜನರ ಹಟವು ಸಾಕು.